ಅಗ್ಗದ ಆಟಗಳ ಸಂಗ್ರಹ: ಹವ್ಯಾಸವೋ, ಹೊರೆಯೋ?

ಸಂಗ್ರಹಿಸುವುದು ಮನುಷ್ಯನ ಸಹಜ ಪ್ರವೃತ್ತಿಗಳಲ್ಲೊಂದು. ನಮ್ಮ ಹಿರಿಯರಲ್ಲಿ ಕೆಲವರು ಅಂಚೆಚೀಟಿಗಳನ್ನು ಕೂಡಿಸಿದರು, ಕೆಲವರು ಹಳೆಯ ನಾಣ್ಯಗಳನ್ನು. ಬೆಂಕಿಪೊಟ್ಟಣದ ಚಿತ್ರಗಳನ್ನು ವಹಿಯಲ್ಲಿ ಅಂಟಿಸಿಟ್ಟ ಬಾಲಕರೂ, ಗ್ರಾಮಫೋನ್ ತಟ್ಟೆಗಳನ್ನು ಮರದ ಪೆಟ್ಟಿಗೆಯಲ್ಲಿ ಜೋಪಾನ ಮಾಡಿದ ಗೃಹಸ್ಥರೂ ಊರೂರಿನಲ್ಲಿದ್ದರು. ಕಾಲ ಬದಲಾದಂತೆ ಸಂಗ್ರಹದ ವಸ್ತುವೂ ಬದಲಾಗುತ್ತದೆ. ದೂರದರ್ಶನದ ಪರದೆಗೆ ಜೋಡಿಸಿ ಮನೆಯಲ್ಲಿಯೇ ಆಡುವ ವಿಡಿಯೋ ಗೇಮ್ ಯಂತ್ರ ಮೊದಲಬಾರಿಗೆ ಅಮೆರಿಕದ ಅಂಗಡಿಗಳಿಗೆ ಬಂದದ್ದು 1972ರಲ್ಲಿ. ಅಂದಿನಿಂದ ಅರ್ಧ ಶತಮಾನಕ್ಕೂ ಮಿಕ್ಕಿ ಕಾಲ ಸಂದಿದೆ. ಬಾಲ್ಯದಲ್ಲಿ ಆ ಆಟಗಳನ್ನಾಡಿದವರು ಇಂದು ನಡುವಯಸ್ಸು ದಾಟಿದ್ದಾರೆ. ಹಳೆಯ ಆಟಗಳನ್ನು ಹುಡುಕಿ ಕೊಂಡು ಕಪಾಟಿನಲ್ಲಿ ಜೋಡಿಸಿಡುವುದು ಲೋಕವ್ಯಾಪಿಯಾದ ಹವ್ಯಾಸವಾಗಿದೆ.

ವಿದ್ಯಾಭ್ಯಾಸ, ಉದ್ಯೋಗಗಳ ನಿಮಿತ್ತ ನಮ್ಮ ಅನೇಕ ಕುಟುಂಬಗಳ ಮಕ್ಕಳು ಅಮೆರಿಕ, ಜಪಾನ್ ಮೊದಲಾದ ದೇಶಗಳಲ್ಲಿ ನೆಲೆಸಿದ್ದಾರೆ. ಅಂಥವರ ಮನೆಗಳಲ್ಲಿ ಈ ಹವ್ಯಾಸವನ್ನು ಕಂಡು, "ಇದೇನು ಹಣ ಪೋಲು ಮಾಡುವ ಹುಚ್ಚು?" ಎಂದು ತಂದೆತಾಯಿಗಳು ಬೇಸರಪಡುವುದುಂಟು. "ತೀರಾ ಅಗ್ಗಕ್ಕೆ ಸಿಕ್ಕಿತಪ್ಪಾ" ಎಂದು ಮಕ್ಕಳು ಸಮಜಾಯಿಷಿ ನೀಡುವುದೂ ಉಂಟು. ಎರಡು ಮಾತಿನಲ್ಲಿಯೂ ಸ್ವಲ್ಪ ಸತ್ಯವಿದೆ. ಆದಕಾರಣ ಅಗ್ಗವೆಂದರೆ ನಿಜವಾಗಿ ಏನು, ಅದು ಎಲ್ಲಿ ದೊರೆಯುತ್ತದೆ, ಯಾವಾಗ ಅದು ಉಳಿತಾಯವಾಗದೆ ವ್ಯರ್ಥ ವೆಚ್ಚವಾಗುತ್ತದೆ ಎಂಬುದನ್ನು ಈ ತಿಂಗಳು ವಿಚಾರ ಮಾಡೋಣ.

ಕಸದ ಗುಂಡಿಯಿಂದ ಸಂಗ್ರಹಾಲಯಕ್ಕೆ

ಆಟಗಳ ಬೆಲೆ ಹೇಗೆ ಇಳಿಯುತ್ತದೆ, ಹೇಗೆ ಏರುತ್ತದೆ ಎಂಬುದಕ್ಕೆ ಅಮೆರಿಕದ ಅಟಾರಿ ಸಂಸ್ಥೆಯ ಕಥೆಯೇ ಉತ್ತಮ ನಿದರ್ಶನ. 1977ರಲ್ಲಿ ಅದು ಹೊರತಂದ ಯಂತ್ರ ಕೆಲವೇ ವರ್ಷಗಳಲ್ಲಿ ಲಕ್ಷಾಂತರ ಮನೆಗಳನ್ನು ಸೇರಿತು. ಲಾಭದ ಆಸೆಯಿಂದ ಹತ್ತಾರು ಸಂಸ್ಥೆಗಳು ಗುಣವನ್ನು ಲೆಕ್ಕಿಸದೆ ಆಟಗಳನ್ನು ತಯಾರಿಸತೊಡಗಿದವು. 1982ರ ಕ್ರಿಸ್‌ಮಸ್ ಹಬ್ಬದ ವ್ಯಾಪಾರಕ್ಕಾಗಿ 'ಇ.ಟಿ.' ಚಲನಚಿತ್ರವನ್ನಾಧರಿಸಿದ ಆಟವೊಂದನ್ನು ಹೋವರ್ಡ್ ಸ್ಕಾಟ್ ವಾರ್ಷಾ ಎಂಬ ತಂತ್ರಜ್ಞರು ಸುಮಾರು ಐದೇ ವಾರಗಳಲ್ಲಿ ರಚಿಸಿಕೊಡಬೇಕಾಯಿತು. ಆಟ ಮಕ್ಕಳಿಗೆ ಹಿಡಿಸಲಿಲ್ಲ. ಲಕ್ಷಗಟ್ಟಲೆ ಪ್ರತಿಗಳು ಮಾರಾಟವಾಗದೆ ಉಳಿದವು. 1983ರಲ್ಲಿ ಆ ದೇಶದ ವಿಡಿಯೋ ಗೇಮ್ ವ್ಯಾಪಾರವೇ ಕುಸಿದುಬಿತ್ತು. ಹಿಂದಿನ ವರ್ಷ 30 ಡಾಲರಿನ ಆಸುಪಾಸಿನಲ್ಲಿದ್ದ ಆಟಗಳನ್ನು ಅಂಗಡಿಕಾರರು ಬುಟ್ಟಿಯಲ್ಲಿ ಸುರಿದು 5 ಡಾಲರಿಗೆ, ಅದಕ್ಕೂ ಕಡಿಮೆಗೆ ಮಾರಿದರು. ಅಟಾರಿ ಸಂಸ್ಥೆಯು ತನ್ನ ಮಾರಾಟವಾಗದ ಸರಕನ್ನು ಲಾರಿಗಳಲ್ಲಿ ತುಂಬಿಸಿ ನ್ಯೂ ಮೆಕ್ಸಿಕೋ ರಾಜ್ಯದ ಅಲಮೊಗೊರ್ಡೊ ಎಂಬ ಊರಿನ ಕಸದ ಗುಂಡಿಯಲ್ಲಿ ಹೂಳಿಸಿಬಿಟ್ಟಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 2014ರ ಏಪ್ರಿಲ್ ತಿಂಗಳಿನಲ್ಲಿ ಅದೇ ಗುಂಡಿಯನ್ನು ಅಗೆದು ಸುಮಾರು 1,300 ಆಟಗಳನ್ನು ಹೊರತೆಗೆಯಲಾಯಿತು. ಅವುಗಳಲ್ಲಿ 881ನ್ನು ಊರಿನ ಆಡಳಿತವು ಮಾರಿದಾಗ ಒಟ್ಟು ಒಂದು ಲಕ್ಷ ಡಾಲರಿಗೂ ಮಿಕ್ಕಿ ಹಣ ಬಂತು. ಒಂದು ಪ್ರತಿ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹಾಲಯವನ್ನು ಸೇರಿತು. ವಿಚಿತ್ರವೆಂದರೆ, ಮಣ್ಣು ಸೇರದೆ ಮನೆಗಳಲ್ಲಿ ಉಳಿದ ಅದೇ ಆಟದ ಪ್ರತಿಗಳು ಇಂದಿಗೂ ಕೆಲವೇ ಡಾಲರುಗಳಿಗೆ ದೊರೆಯುತ್ತವೆ. ಒಳಗಿನ ಆಟ ಒಂದೇ. ಒಂದಕ್ಕೆ ಕಥೆಯ ಬೆಲೆ, ಇನ್ನೊಂದಕ್ಕೆ ಆಟದ ಬೆಲೆ. ಸಂಗ್ರಹಕ್ಕಿಳಿಯುವ ತರುಣರು ಈ ಭೇದವನ್ನು ಮೊದಲು ಮನನ ಮಾಡಿಕೊಳ್ಳಬೇಕು. ಆಡುವ ಸಂತೋಷಕ್ಕಾಗಿ ಕೊಳ್ಳುವವನಿಗೆ ಅಪರೂಪದ ಪ್ರತಿಯ ಗೊಡವೆಯೇ ಬೇಡ.

ಎಲ್ಲಿ, ಯಾವಾಗ ಅಗ್ಗ?

ಹೇರಳವಾಗಿ ತಯಾರಾದದ್ದು ಅಗ್ಗವಾಗಿ ಸಿಗುತ್ತದೆ. ಸೋನಿ ಸಂಸ್ಥೆಯು 2000ದಲ್ಲಿ ಹೊರತಂದ ಪ್ಲೇಸ್ಟೇಷನ್ 2 ಯಂತ್ರ ಜಗತ್ತಿನಾದ್ಯಂತ 15 ಕೋಟಿಗೂ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾಯಿತು. ಅದರ ಆಟಗಳಲ್ಲಿ ಬಹುಪಾಲು ಇಂದಿಗೂ ಸುಲಭ ಬೆಲೆಗೆ ದೊರೆಯುತ್ತವೆ. ವರ್ಷಕ್ಕೊಂದರಂತೆ ಹೊರಬರುವ ಫುಟ್‌ಬಾಲ್, ಬಾಸ್ಕೆಟ್‌ಬಾಲ್ ಆಟಗಳಂತೂ ಮರುವರ್ಷದ ಆವೃತ್ತಿ ಬಂದೊಡನೆ ಬೆಲೆ ಕಳೆದುಕೊಳ್ಳುತ್ತವೆ. ದೊಡ್ಡ ಸಂಸ್ಥೆಗಳ ಹೊಸ ಆಟವೊಂದರ ಬೆಲೆ ಅಮೆರಿಕದಲ್ಲಿ 70 ಡಾಲರು, ನಮ್ಮಲ್ಲಿ 5,000 ರೂಪಾಯಿಯವರೆಗೆ ಏರಿರುವ ಈ ದಿನಮಾನಗಳಲ್ಲಿ, ಒಂದು ವರ್ಷ ತಾಳಿಕೊಂಡವನಿಗೆ ಅನೇಕ ಆಟಗಳು ಅರ್ಧ ಬೆಲೆಗೆ ಸಿಗುತ್ತವೆ. ತಾಳ್ಮೆಗಿಂತ ದೊಡ್ಡ ರಿಯಾಯಿತಿ ಬೇರೊಂದಿಲ್ಲ.

ಅಮೆರಿಕದಲ್ಲಿ ಬೇಸಿಗೆಯ ದಿನಗಳಲ್ಲಿ 'ಗ್ಯಾರೇಜ್ ಸೇಲ್' ಎಂಬ ಪದ್ಧತಿಯಿದೆ. ಮನೆಗೆ ಬೇಡವಾದ ವಸ್ತುಗಳನ್ನು ಕಾರು ನಿಲ್ಲಿಸುವ ಕೋಣೆಯ ಮುಂದೆ ಹರಡಿ, ವಾರದ ಕೊನೆಯಲ್ಲಿ ನೆರೆಹೊರೆಯವರಿಗೆ ಮಾರುತ್ತಾರೆ. ಮಕ್ಕಳು ದೊಡ್ಡವರಾಗಿ ಬೇರೆ ಊರಿಗೆ ಹೋದ ಮನೆಗಳಲ್ಲಿ ಅವರ ಆಟದ ಯಂತ್ರವೂ ಆಟಗಳೂ ಒಂದೇ ಪೆಟ್ಟಿಗೆಯಲ್ಲಿ ಬರುವುದುಂಟು. ಬೆಳಿಗ್ಗೆ ಬೇಗ ಹೋದವನಿಗೆ ಒಳ್ಳೆಯ ವಸ್ತು ಸಿಗುತ್ತದೆ; ಮಧ್ಯಾಹ್ನದ ನಂತರ ಹೋದವನಿಗೆ ಉಳಿದದ್ದು ಕಡಿಮೆ ಬೆಲೆಗೆ ಸಿಗುತ್ತದೆ. ಇದಲ್ಲದೆ ದಾನವಾಗಿ ಬಂದ ವಸ್ತುಗಳನ್ನು ಮಾರುವ ಅಂಗಡಿಗಳಿವೆ. 1902ರಲ್ಲಿ ಬೋಸ್ಟನ್ ನಗರದಲ್ಲಿ ಆರಂಭವಾದ ಗುಡ್‌ವಿಲ್ ಸಂಸ್ಥೆಯ ಅಂಗಡಿಗಳು ಇವುಗಳಲ್ಲಿ ಪ್ರಮುಖ. ಅಲ್ಲಿ ಬಂದ ಹಣ ನಿರುದ್ಯೋಗಿಗಳ ತರಬೇತಿಗೆ ವಿನಿಯೋಗವಾಗುತ್ತದೆಯಾದುದರಿಂದ ಕೊಂಡವನ ಕಾಸು ಒಳ್ಳೆಯ ಕಾರ್ಯಕ್ಕೂ ಸಲ್ಲುತ್ತದೆ.

ಅಂಗಡಿಗಳು ಸರಕು ತೀರಿಸುವ ಮಾರಾಟಗಳಲ್ಲಿ ಮಾತ್ರ ಸ್ವಲ್ಪ ಎಚ್ಚರ ಬೇಕು. ಆಟಿಕೆಗಳ ಪ್ರಸಿದ್ಧ ಮಳಿಗೆ ಟಾಯ್ಸ್ ಆರ್ ಅಸ್ 2018ರಲ್ಲಿ ಅಮೆರಿಕದ ತನ್ನ ಅಂಗಡಿಗಳನ್ನೆಲ್ಲ ಮುಚ್ಚಿದಾಗ ಜನ ಮುಗಿಬಿದ್ದರು. ಮುಚ್ಚುವ ಅಂಗಡಿಯ ರಿಯಾಯಿತಿ ಸಾಮಾನ್ಯವಾಗಿ ವಾರದಿಂದ ವಾರಕ್ಕೆ ಹೆಚ್ಚುತ್ತ ಹೋಗುತ್ತದೆ. ಮೊದಲ ವಾರದ 'ರಿಯಾಯಿತಿ ಬೆಲೆ' ಬೇರೆ ಅಂಗಡಿಯ ದಿನನಿತ್ಯದ ಬೆಲೆಗಿಂತ ಹೆಚ್ಚಿರುವುದೂ ಉಂಟು. ಕೆಂಪು ಚೀಟಿ ಅಂಟಿಸಿದ್ದೆಲ್ಲ ಅಗ್ಗವಲ್ಲ. ಇಂದು ಕೈಯಲ್ಲಿರುವ ಫೋನಿನಲ್ಲಿಯೇ ಅದೇ ಆಟ ಇತ್ತೀಚೆಗೆ ನಿಜವಾಗಿ ಎಷ್ಟಕ್ಕೆ ಮಾರಾಟವಾಯಿತೆಂಬುದನ್ನು ನೋಡಬಹುದು. ಮಾರುವವರು ಕೇಳುತ್ತಿರುವ ಬೆಲೆಯನ್ನು ಬಿಟ್ಟು, ಕೊಂಡವರು ಕೊಟ್ಟ ಬೆಲೆಯನ್ನು ಪ್ರಮಾಣವಾಗಿಟ್ಟುಕೊಳ್ಳಬೇಕು.

ಜಪಾನಿನ ಮಾದರಿ

ಹಳೆಯ ಆಟಗಳ ವ್ಯಾಪಾರವನ್ನು ಒಂದು ಶಿಸ್ತಿಗೆ ತಂದವರು ಜಪಾನಿನವರು. 1990ರಲ್ಲಿ ಹಳೆಯ ಪುಸ್ತಕಗಳ ಮಾರಾಟದಿಂದ ಆರಂಭವಾದ ಬುಕ್ ಆಫ್ ಎಂಬ ಮಳಿಗೆ ಇಂದು ಆ ದೇಶದ ಊರೂರುಗಳಲ್ಲಿದ್ದು, ಬಳಸಿದ ಆಟಗಳನ್ನೂ ಮಾರುತ್ತದೆ. ಹಾರ್ಡ್ ಆಫ್ ಎಂಬ ಬೇರೊಂದು ಮಳಿಗೆಯಲ್ಲಿ 'ಜಂಕ್' ಎಂದು ಬರೆದ ಬುಟ್ಟಿಗಳಿರುತ್ತವೆ. ಯಾವುದೇ ಭರವಸೆಯಿಲ್ಲದೆ, ಇದ್ದಂತೆಯೇ ಮಾರುವ ವಸ್ತುಗಳು ಅವು. ಹಿಂತಿರುಗಿಸುವಂತಿಲ್ಲ, ಆದರೆ ಒರೆಸಿ ಶುಚಿಮಾಡಿದರೆ ಅನೇಕವು ಕೆಲಸ ಮಾಡುತ್ತವೆ. ಟೋಕಿಯೋದ ಅಕಿಹಬಾರಾ ಬಡಾವಣೆಯಲ್ಲಿ ಸೂಪರ್ ಪೊಟೇಟೊ ಎಂಬ ಅಂಗಡಿ ಹಳೆಯ ಆಟಗಳಿಗಾಗಿಯೇ ಹೆಸರಾಗಿದೆ. ಪ್ರವಾಸಿಗರ ನೂಕುನುಗ್ಗಲಿನಿಂದ ಅಲ್ಲಿ ಬೆಲೆ ಏರಿರುವುದರಿಂದ, ಅನುಭವಿಗಳು ಊರಾಚೆಯ ಸಣ್ಣ ಅಂಗಡಿಗಳನ್ನೇ ಅರಸುತ್ತಾರೆ.

ಒಮ್ಮೆ ಮಾರಿದ ಆಟವನ್ನು ಮತ್ತೊಬ್ಬರಿಗೆ ಮಾರಬಹುದೇ ಎಂಬ ಪ್ರಶ್ನೆ ಆ ದೇಶದಲ್ಲಿ ನ್ಯಾಯಾಲಯದ ಮೆಟ್ಟಿಲೇರಿತ್ತು. ತಯಾರಕರು ಬೇಡವೆಂದರು; ಹಳೆಯ ಆಟಗಳ ಅಂಗಡಿಕಾರರು ನಮ್ಮ ಹಕ್ಕೆಂದರು. 2002ರ ಏಪ್ರಿಲ್ 25ರಂದು ಜಪಾನಿನ ಸರ್ವೋಚ್ಚ ನ್ಯಾಯಾಲಯವು ಅಂಗಡಿಕಾರರ ಪರವಾಗಿ ತೀರ್ಪಿತ್ತಿತು. ಹಣ ಕೊಟ್ಟು ಕೊಂಡ ಪ್ರತಿ ಕೊಂಡವನದು. ಅದನ್ನು ಮರುಮಾರಾಟ ಮಾಡುವುದು ಅಪರಾಧವಲ್ಲ. ಬಡ ಮನೆಯ ಮಗುವಿನ ಕೈಗೂ ಒಳ್ಳೆಯ ಆಟ ತಲಪುವುದಕ್ಕೆ ಈ ತೀರ್ಪು ದಾರಿಯಾಯಿತೆಂದರೆ ತಪ್ಪಾಗಲಾರದು.

ಕೊಳ್ಳುವ ಮುನ್ನ ನೋಡಬೇಕಾದುದು

ಹಳೆಯ ಕಾರ್ಟ್ರಿಜ್‌ಗಳನ್ನು ನಮ್ಮಲ್ಲಿ ಮಕ್ಕಳು 'ಕ್ಯಾಸೆಟ್' ಎಂದೇ ಕರೆಯುತ್ತಿದ್ದರು. ಅವು ಕೆಲಸ ಮಾಡದಿರಲು ಬಹುಮಟ್ಟಿಗೆ ಕಾರಣ ಕೆಳತುದಿಯ ಲೋಹದ ಪಟ್ಟಿಗಳ ಮೇಲೆ ಕೂತ ಕೊಳೆ. ಬಾಯಿಂದ ಊದಿ ಸರಿಮಾಡುವ ಅಭ್ಯಾಸ ಎಲ್ಲ ದೇಶದ ಮಕ್ಕಳಿಗೂ ಇತ್ತು. ಆದರೆ ಉಸಿರಿನ ತೇವದಿಂದ ಲೋಹ ಕಿಲುಬು ಹಿಡಿಯುವುದರಿಂದ ತಯಾರಕರೇ ಅದನ್ನು ಬೇಡವೆಂದಿದ್ದಾರೆ. ಹತ್ತಿಯ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ಮೆಲ್ಲಗೆ ಒರೆಸಿ, ಪೂರ್ಣ ಒಣಗಿದ ಮೇಲೆ ಬಳಸುವುದು ಸರಿಯಾದ ಕ್ರಮ. ಆಟದ ಪ್ರಗತಿಯನ್ನು ನೆನಪಿಟ್ಟುಕೊಳ್ಳುವ ಅನೇಕ ಕಾರ್ಟ್ರಿಜ್‌ಗಳ ಒಳಗೆ ನಾಣ್ಯದಾಕಾರದ ಸಣ್ಣ ಬ್ಯಾಟರಿಯಿರುತ್ತದೆ. ಹಲವು ವರ್ಷಗಳ ನಂತರ ಅದು ಬರಿದಾಗುತ್ತದೆ. ಆಟ ನಡೆಯುತ್ತದೆ, ಆದರೆ ನಿನ್ನೆ ಆಡಿದ್ದು ಇಂದು ಉಳಿದಿರುವುದಿಲ್ಲ. ಬೆಸುಗೆ ಬಲ್ಲವರಿಂದ ಬ್ಯಾಟರಿ ಬದಲಿಸಬಹುದಾದ್ದರಿಂದ ಇದು ದೊಡ್ಡ ದೋಷವಲ್ಲ. ಬೆಲೆ ಕಡಿಮೆ ಕೇಳಲು ನ್ಯಾಯವಾದ ಕಾರಣ ಮಾತ್ರ.

ಡಿಸ್ಕ್‌ಗಳನ್ನು ಬೆಳಕಿಗೆ ಹಿಡಿದು ನೋಡಬೇಕು. ಕೆಳಮೈಯ ತೆಳುಗೀರುಗಳನ್ನು ಯಂತ್ರದಿಂದ ಉಜ್ಜಿ ತೆಗೆಯಬಹುದು. ಚಿತ್ರವಿರುವ ಮೇಲ್ಮೈಯಲ್ಲಿ ಆಳವಾದ ಗೀರಿದ್ದು ಬೆಳಕು ಸೂಜಿಮೊನೆಯಂತೆ ತೂರಿ ಬಂದರೆ, ಎಷ್ಟೇ ಅಗ್ಗವಾದರೂ ಅದನ್ನು ಕೆಳಗಿಡುವುದು ಲೇಸು. ಹೆಸರಾಂತ ಆಟಗಳಿಗೆ, ವಿಶೇಷವಾಗಿ ಕೈಯಲ್ಲಿ ಹಿಡಿದಾಡುವ ಯಂತ್ರಗಳ ಪೋಕೆಮಾನ್ ಆಟಗಳಿಗೆ, ನಕಲಿ ಪ್ರತಿಗಳು ಬಹಳ. ಮಸುಕಾದ ಚಿತ್ರ, ತಪ್ಪು ಅಕ್ಷರ, ನಂಬಲಾಗದ ಬೆಲೆ ಇವುಗಳು ನಕಲಿಯ ಗುರುತು.

ಪರದೇಶದಿಂದ ತರಿಸುವವರು ಇನ್ನೂ ಎರಡು ಸಂಗತಿಗಳನ್ನು ಮರೆಯಬಾರದು. ನಿಂಟೆಂಡೊ ಸಂಸ್ಥೆ 1983ರಲ್ಲಿ ಜಪಾನಿನಲ್ಲಿ ಹೊರತಂದ ಯಂತ್ರದ ಕಾರ್ಟ್ರಿಜ್‌ಗೆ 60 ಲೋಹದ ಪಟ್ಟಿಗಳು. ಅದೇ ಯಂತ್ರದ ಅಮೆರಿಕದ ಆವೃತ್ತಿಗೆ 72. ಒಂದು ಇನ್ನೊಂದಕ್ಕೆ ಹೊಂದುವುದಿಲ್ಲ. ತೊಂಬತ್ತರ ದಶಕದಲ್ಲಿ ನಮ್ಮ ಊರುಗಳ ಅಂಗಡಿಗಳಲ್ಲಿ ಮಾರಾಟವಾದ ಅಗ್ಗದ 'ಟಿವಿ ಗೇಮ್' ಯಂತ್ರಗಳು ಬಹುಪಾಲು ಜಪಾನಿನ ಮಾದರಿಯ ನಕಲುಗಳಾಗಿದ್ದವು. ಆದ್ದರಿಂದ ಅಟ್ಟದ ಮೇಲಿರುವ ಹಳೆಯ ಯಂತ್ರಕ್ಕೆ ಅಮೆರಿಕದಿಂದ ಆಟ ತರಿಸಿದರೆ ಅದು ಒಳಗೆ ಕೂಡುವುದೇ ಇಲ್ಲ. ಎರಡನೆಯದಾಗಿ, ಜಪಾನಿನ ವಿದ್ಯುತ್ತು 100 ವೋಲ್ಟ್, ಅಮೆರಿಕದ್ದು 120, ನಮ್ಮದು 230. ಅಲ್ಲಿನ ಹಳೆಯ ಯಂತ್ರದ ಅಡಾಪ್ಟರನ್ನು ನೇರವಾಗಿ ನಮ್ಮ ಪ್ಲಗ್ಗಿಗೆ ಚುಚ್ಚಿದರೆ ಕ್ಷಣಮಾತ್ರದಲ್ಲಿ ಸುಟ್ಟುಹೋಗಬಹುದು. ಅಡಾಪ್ಟರಿನ ಮೇಲೆ ಬರೆದುದನ್ನು ಓದಿ, ಅಗತ್ಯವಿದ್ದರೆ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬಳಸಬೇಕು. ಐದು ಡಾಲರಿಗೆ ತಂದ ಯಂತ್ರವನ್ನು ಐದು ಕ್ಷಣ ಆಡಲಾಗದಿದ್ದರೆ ಅದು ಅಗ್ಗ ಹೇಗಾದೀತು?

ಹೊಸ ಕಾಲದ ಆಟಗಳಲ್ಲಿ ಇನ್ನೊಂದು ಅಪಾಯವಿದೆ. ಕೆಲವು ಆಟಗಳು ಕಂಪನಿಯ ಸರ್ವರ್‌ಗೆ ಸಂಪರ್ಕವಿಲ್ಲದೆ ನಡೆಯುವುದೇ ಇಲ್ಲ. ಯೂಬಿಸಾಫ್ಟ್ ಸಂಸ್ಥೆಯು 2014ರಲ್ಲಿ ಹೊರತಂದ 'ದಿ ಕ್ರೂ' ಎಂಬ ಕಾರೋಟದ ಆಟದ ಸರ್ವರ್‌ಗಳನ್ನು 2024ರ ಮಾರ್ಚ್ ಅಂತ್ಯಕ್ಕೆ ನಿಲ್ಲಿಸಲಾಯಿತು. ಅಂದಿನಿಂದ ಅದರ ಡಿಸ್ಕ್ ಕೈಯಲ್ಲಿದ್ದವರೂ ಆಡುವಂತಿಲ್ಲ. ಇಂಥ ಡಿಸ್ಕ್‌ಗಳು ರಿಯಾಯಿತಿಯ ಬುಟ್ಟಿಯಲ್ಲಿ ಹೊಳೆಯುವ ಹೊದಿಕೆಯೊಡನೆ ಕುಳಿತಿರಬಹುದು. ಪೆಟ್ಟಿಗೆಯ ಮೇಲೆ ಅಂತರ್ಜಾಲ ಸಂಪರ್ಕ ಕಡ್ಡಾಯವೆಂದು ಬರೆದಿದೆಯೇ ಎಂದು ನೋಡಿಯೇ ಮುಂದುವರಿಯಬೇಕು.

ನ್ಯಾಯದ ಬೆಲೆ ಯಾವುದು?

ಇನ್ನು ಈ ಹವ್ಯಾಸದ ಕಠಿಣ ಪ್ರಶ್ನೆಗೆ ಬರೋಣ. ಬಂಡಾಯ್ ಸಂಸ್ಥೆ 1987ರಲ್ಲಿ ಅಮೆರಿಕದಲ್ಲಿ ಹೊರತಂದ 'ಸ್ಟೇಡಿಯಂ ಈವೆಂಟ್ಸ್' ಎಂಬ ಆಟವು ಸ್ವಲ್ಪ ಕಾಲದಲ್ಲಿಯೇ ಅಂಗಡಿಗಳಿಂದ ಮರೆಯಾಯಿತು. ಅದರ ಜೊತೆಗಿನ ಕಾಲುಹಾಸಿನ ಹಕ್ಕನ್ನು ನಿಂಟೆಂಡೊ ಕೊಂಡು ಬೇರೆ ಹೆಸರಿನಲ್ಲಿ ಮಾರಿತು. ಹೀಗಾಗಿ ಹಳೆಯ ಹೆಸರಿನ ಪ್ರತಿಗಳು ಅತ್ಯಂತ ವಿರಳವಾದವು. 2010ರಲ್ಲಿ ಒಂದು ಕುಟುಂಬ ತನ್ನ ಹಳೆಯ ಆಟಗಳ ಗಂಟನ್ನು ಅಂತರ್ಜಾಲದ ಹರಾಜಿಗಿಟ್ಟಾಗ, ಅದರಲ್ಲಿ ಈ ಆಟವೂ ಇದ್ದುದರಿಂದ 13,000 ಡಾಲರಿಗೂ ಹೆಚ್ಚು ಹಣ ಬಂತು. ಬಹಿರಂಗ ಹರಾಜಾದ್ದರಿಂದ ವಸ್ತುವಿನ ನಿಜಬೆಲೆ ಮಾರಿದವರ ಕೈಗೇ ಸೇರಿತು. ಅದೇ ಗಂಟನ್ನು ಅವರು ಮನೆಯ ಮುಂದೆ ಹತ್ತು ಡಾಲರಿಗೆ ಇಟ್ಟಿದ್ದರೆ, ಬೆಲೆ ಬಲ್ಲ ಗಿರಾಕಿಯೊಬ್ಬ ಸದ್ದಿಲ್ಲದೆ ಎತ್ತಿಕೊಂಡು ಹೋಗಿದ್ದರೆ?

ಕಾನೂನು ಅದನ್ನು ತಪ್ಪೆನ್ನಲಾರದು. ವ್ಯಾಪಾರವನ್ನೇ ವೃತ್ತಿಯಾಗಿಸಿಕೊಂಡ ಅಂಗಡಿಕಾರನು ತನ್ನ ಸರಕಿನ ಬೆಲೆ ತಿಳಿಯದೆ ಚೀಟಿ ಅಂಟಿಸಿದ್ದರೆ ಗಿರಾಕಿಯ ಅದೃಷ್ಟವೆಂದು ಒಪ್ಪಬಹುದು. ಆದರೆ ವಿಧವೆಯೊಬ್ಬಳು ತೀರಿಹೋದ ಗಂಡನ ವಸ್ತುಗಳನ್ನು, ತಾಯಿಯೊಬ್ಬಳು ದೂರವಾದ ಮಗನ ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು ಕುಳಿತಿರುವಾಗ, ಅವಳ ತಿಳಿಯದಿರುವಿಕೆಯೇ ನಮ್ಮ ಲಾಭವಾಗಬೇಕೇ? ಸಾಮಾನ್ಯ ಆಟವನ್ನು ಕೇಳಿದ ಬೆಲೆಗೆ ಕೊಳ್ಳುವುದರಲ್ಲಿ ದೋಷವಿಲ್ಲ. ಚೌಕಾಸಿ ಮಾಡುವುದೂ ಪೇಟೆಯ ರೂಢಿಯೇ. ಬೆಲೆ ನೂರುಪಟ್ಟು ಹೆಚ್ಚೆಂದು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ತರುವುದು ಬೇರೆಯೇ ಮಾತು. "ಅಮ್ಮಾ, ಇದೊಂದು ಬಹಳ ಬೆಲೆಬಾಳುವುದು, ವಿಚಾರಿಸಿ ಮಾರಿರಿ" ಎಂದು ಹೇಳಿ ಬರುವವನಿಗೆ ಒಂದು ಆಟ ಕೈತಪ್ಪಬಹುದು. ಆದರೆ ಮನೆಯ ಕಪಾಟನ್ನು ತೆರೆದಾಗಲೆಲ್ಲ ಕಣ್ಣು ತಪ್ಪಿಸಿಕೊಳ್ಳುವ ಸ್ಥಿತಿ ಅವನಿಗೆ ಬಾರದು. ಈ ಮಾತನ್ನು ಮಕ್ಕಳಿಗೆ ಹೇಳಿಕೊಡಬೇಕಾದವರು ತಂದೆತಾಯಿಗಳೇ.

ಹಣದ ಆಸೆ ಈ ಹವ್ಯಾಸವನ್ನು ಹೊಕ್ಕರೆ ಏನಾಗುತ್ತದೆಂಬುದನ್ನು 2021ನೇ ವರ್ಷ ತೋರಿಸಿತು. 1986ರಲ್ಲಿ ಕ್ರಿಸ್‌ಮಸ್ ಉಡುಗೊರೆಗೆಂದು ಕೊಂಡು ಮೇಜಿನ ಖಾನೆಯಲ್ಲಿ ಮರೆತುಬಿಟ್ಟಿದ್ದ 'ಸೂಪರ್ ಮಾರಿಯೋ ಬ್ರದರ್ಸ್' ಆಟದ ಒಡೆಯದ ಪೆಟ್ಟಿಗೆಯೊಂದು ಆ ವರ್ಷದ ಏಪ್ರಿಲ್‌ನಲ್ಲಿ 6,60,000 ಡಾಲರಿಗೆ ಹರಾಜಾಯಿತು. ಜುಲೈ ತಿಂಗಳಿನಲ್ಲಿ ಅದೇ ಮಾಲೆಯ ಇನ್ನೊಂದು ಆಟ 15 ಲಕ್ಷ ಡಾಲರನ್ನೂ ದಾಟಿತು. ಗಾಜಿನಂಥ ಪೆಟ್ಟಿಗೆಯಲ್ಲಿ ಮುದ್ರೆಯೊತ್ತಿಟ್ಟ ಆ ಆಟಗಳನ್ನು ಯಾರೂ ಆಡುವಂತಿಲ್ಲ. ತೆರೆದರೆ ಬೆಲೆ ಹೋಗುತ್ತದೆ. ಮಗುವಿನ ನಗುವಿಗಾಗಿ ತಯಾರಾದ ವಸ್ತುವೊಂದು ಷೇರುಪತ್ರದಂತಾದುದನ್ನು ಕಂಡರೆ ಮರುಕವಾಗುತ್ತದೆ. ಮುಂದೆ ಬೆಲೆ ಏರೀತೆಂಬ ಲೆಕ್ಕದಿಂದ ಕೂಡಿಡುವವರು ಅಲಮೊಗೊರ್ಡೊದ ಗುಂಡಿಯನ್ನು ಒಮ್ಮೆ ನೆನೆಯುವುದು ಒಳಿತು.

ಬುಟ್ಟಿಯೊಳಗಿನ ಗ್ರಂಥಾಲಯ

ಹಾಗಾದರೆ ಈ ಹವ್ಯಾಸದಿಂದ ಪ್ರಯೋಜನವೇ ಇಲ್ಲವೇ? ಇದೆ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ದೇಶದಲ್ಲಿ ಬಿಡುಗಡೆಯಾದ ಹಳೆಯ ಆಟಗಳಲ್ಲಿ ಶೇಕಡಾ 87ರಷ್ಟು ಇಂದು ಹೊಸದಾಗಿ ಮಾರಾಟಕ್ಕೆ ಲಭ್ಯವಿಲ್ಲ. ನಿಂಟೆಂಡೊ ತನ್ನ ಎರಡು ಹಳೆಯ ಯಂತ್ರಗಳ ಅಂತರ್ಜಾಲದ ಅಂಗಡಿಯನ್ನು 2023ರ ಮಾರ್ಚ್‌ನಲ್ಲಿ ಮುಚ್ಚಿದಾಗ, ಅಲ್ಲಿ ಮಾತ್ರ ದೊರೆಯುತ್ತಿದ್ದ ಎಷ್ಟೋ ಆಟಗಳನ್ನು ಕೊಳ್ಳುವ ದಾರಿಯೇ ಇಲ್ಲವಾಯಿತು. ಹೀಗಿರುವಾಗ ಯಾರದೋ ಮನೆಯ ಮುಂದಿನ ಬುಟ್ಟಿ, ದಾನದ ಅಂಗಡಿಯ ಮೂಲೆ ಇವುಗಳೇ ಈ ಕಲೆಯ ಗ್ರಂಥಾಲಯಗಳಾಗಿವೆ. ಒಂದು ಆಟವನ್ನು ಕೊಂಡು, ಶುಚಿಮಾಡಿ, ತಾನೂ ಆಡಿ, ಇತರರಿಗೂ ಆಡಲು ಕೊಡುವವನು ತನಗರಿವಿಲ್ಲದೆಯೇ ಅದರ ರಕ್ಷಕನಾಗುತ್ತಾನೆ.

ಆದರೆ ಮಿತಿಯಿಲ್ಲದ ಸಂಗ್ರಹ ಮನೆಗೆ ಹೊರೆ. ಇಪ್ಪತ್ತು ರೂಪಾಯಿಯ ನೂರು ವಸ್ತುಗಳಿಗೆ ಎರಡು ಸಾವಿರ ರೂಪಾಯಿ ಬೇಕೆಂಬುದನ್ನು ಅಗ್ಗದ ಬೆನ್ನುಹತ್ತಿದವರು ಮರೆಯುತ್ತಾರೆ. ಆದುದರಿಂದ ಕೆಲವು ಸರಳ ನಿಯಮಗಳನ್ನು ಮನೆಯವರೆಲ್ಲ ಕೂಡಿ ಮಾಡಿಕೊಳ್ಳಬಹುದು. ಬೇಕಾದ ಆಟಗಳ ಪಟ್ಟಿಯನ್ನು ಮೊದಲೇ ಬರೆದಿಟ್ಟುಕೊಂಡು ಹೊರಗೆ ಹೊರಡಬೇಕು. ಪಟ್ಟಿಯಲ್ಲಿಲ್ಲದ್ದು ಬುಟ್ಟಿಗೆ ಬೀಳಬಾರದು. ತಿಂಗಳಿಗೆ ಇಷ್ಟೆಂದು ಹಣ ಗೊತ್ತುಮಾಡಿ, ಕೊಂಡದ್ದನ್ನೆಲ್ಲ ಮನೆಯ ಖರ್ಚಿನ ವಹಿಯಲ್ಲಿಯೇ ಬರೆಯಬೇಕು. ತಂದ ಆಟವನ್ನು ಆಡಿ ನೋಡುವವರೆಗೆ ಇನ್ನೊಂದನ್ನು ತರಬಾರದು. ಆಡಿ ಮುಗಿದು ಮತ್ತೆ ಮುಟ್ಟದ್ದನ್ನು ನೆಂಟರ ಮಕ್ಕಳಿಗೋ ನೆರೆಯವರಿಗೋ ಕೊಟ್ಟುಬಿಡಬೇಕು.

ತಂದೆತಾಯಿಗಳಲ್ಲಿಯೂ ಒಂದು ಬಿನ್ನಹ. ಮಗನೋ ಮಗಳೋ ಹಳೆಯ ಆಟವೊಂದನ್ನು ತಂದು ಒರೆಸಿ ಯಂತ್ರಕ್ಕೆ ಹಾಕುವಾಗ, ಗದರುವ ಬದಲು ಪಕ್ಕದಲ್ಲಿ ಕುಳಿತು ಒಂದು ಗಳಿಗೆ ಆಡಿ ನೋಡಿರಿ. ಅದಕ್ಕೆ ಎಷ್ಟು ಕೊಟ್ಟೆ, ಯಾರಿಂದ ಕೊಂಡೆ, ಅವರಿಗೆ ಅದರ ಬೆಲೆ ಗೊತ್ತಿತ್ತೇ ಎಂದು ಕೇಳಿರಿ. ಈ ಮೂರು ಪ್ರಶ್ನೆಗಳಿಗೆ ತಡವರಿಸದೆ ಉತ್ತರ ಬಂದರೆ, ಆ ಆಟ ನಿಜವಾಗಿಯೂ ಅಗ್ಗಕ್ಕೆ ಬಂದಿದೆಯೆಂದು ತಿಳಿಯಬಹುದು.